ದೇಶಿ ಗಾಡಿ, ಫಾರಿನ್ ಗಾಡಿ, ಟೇಕಲ್ ಟೊಮೆಟೊ

ಪಿಕಪ್ ಮಾರುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ‘ಗಿರಾಕೀನ ಹೆಂಗೆ ನಂಬಿಸ್ಬೇಕು ಕಿಟ್ಟಣ್ಣ?’ ಎಂದು ಕೇಳುತ್ತಾರೆ. ನಾನು ಹೇಳುವುದು ಒಂದೇ. ನಂಬಿಸುವುದು ಆಮೇಲೆ, ಮೊದಲು ನಂಬದೆ ಇರುವುದನ್ನು ಕಲಿಯಿರಿ. ಗಿರಾಕಿಯನ್ನು ನಂಬಬೇಡಿ. ಅವನ ಜೊತೆ ಬಂದವರನ್ನಂತೂ ನಂಬಲೇಬೇಡಿ. ಓನರ್ ಬಂದು ನಗುತ್ತಾ ಬೆನ್ನು ತಟ್ಟಿದರೆ ಒಂದು ಸಲ ಜೇಬು ಮುಟ್ಟಿ ನೋಡಿಕೊಳ್ಳಿ. ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಕೋಲಾರದ ಹೆದ್ದಾರಿ ಪಕ್ಕದ ಷೋರೂಮಿನಲ್ಲಿ ತಲೆ ಬೆಳ್ಳಗಾಗುವ ತನಕ ನಿಂತವನು ನಾನು. ತಮಾಷೆಗೆ ಹೇಳುವ ಮಾತಲ್ಲ ಅದು.

ನಮ್ಮ ಕಡೆ ಪಿಕಪ್ ಕೊಳ್ಳಲು ಯಾರೂ ಒಬ್ಬರೇ ಬರುವುದಿಲ್ಲ. ದುಡ್ಡು ಕೊಡುವವನು ಒಬ್ಬ, ಮಾತಾಡುವವನು ಒಬ್ಬ, ಬಾಯಿ ಮುಚ್ಚಿಕೊಂಡು ಗಾಡಿ ಸುತ್ತುವವನು ಇನ್ನೊಬ್ಬ. ಆ ಮೂರನೆಯವನ ಮೇಲೆ ಕಣ್ಣಿಡಬೇಕು. ಒಮ್ಮೆ ಮುಳಬಾಗಿಲಿನಿಂದ ಬಂದವರು ಅಂಥವನೊಬ್ಬನನ್ನು ‘ನಮ್ ಭಾವಮೈದ’ ಎಂದು ಪರಿಚಯಿಸಿದರು. ನಾನು ಕೈ ಕುಲುಕಿದೆ. ಅವನ ಅಂಗೈ ಗೆರೆಗಳಲ್ಲಿ ತೊಳೆದರೂ ಹೋಗದ ಗ್ರೀಸು ಕಪ್ಪಗೆ ಕೂತಿತ್ತು. ಭಾವಮೈದನೂ ಅಲ್ಲ, ಏನೂ ಅಲ್ಲ, ಮೆಕಾನಿಕ್ಕು. ಬೇರೊಂದು ಕಂಪನಿಯಿಂದ ಕಮಿಷನ್ ಮಾತಾಡಿಕೊಂಡು, ನಮ್ಮ ಗಾಡಿಯಲ್ಲಿ ಕುಂದು ಹುಡುಕಲು ಬಂದಿದ್ದ. ಅವನಿಗೆ ಇನ್ನೊಂದು ಕಾಫಿ ತರಿಸಿ ನಾನೇ ಕುಂದುಗಳನ್ನೆಲ್ಲ ಹೇಳಿಬಿಟ್ಟೆ. ಪಾಪ, ಅವನಿಗೆ ಹೇಳಲು ಏನೂ ಉಳಿಯಲಿಲ್ಲ. ನಮ್ಮ ಗಾಡಿಯೇ ಮಾರಾಟವಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದ ಮಾತೊಂದಿತ್ತು. ‘ಇದು ನಮ್ಮ ದೇಶದ ಗಾಡಿ ಸಾರ್. ನಮ್ಮ ರಸ್ತೆ, ನಮ್ಮ ಗುಂಡಿ, ನಮ್ಮ ಲೋಡು ನೋಡಿ ಮಾಡಿದ್ದು.’ ಗೌನಿಪಲ್ಲಿಯ ಮಾವಿನ ತೋಟದ ರೆಡ್ಡೆಪ್ಪನವರ ಮುಂದೆ ಇದನ್ನು ಭಕ್ತಿಯಿಂದ ಒಪ್ಪಿಸಿದೆ. ಅವರು ಹೆಗಲ ಮೇಲಿನ ಟವೆಲ್ಲನ್ನು ನೆಲಕ್ಕೆ ಹಾಸಿ, ಗಾಡಿಯ ಕೆಳಗೆ ಅಂಗಾತ ಮಲಗಿ ಒಳಕ್ಕೆ ಸರಿದರು. ಪಾದಗಳು ಮಾತ್ರ ಹೊರಗಿದ್ದವು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು.

‘ಈ ಪಂಪಿನ ಮೇಲೆ ಜರ್ಮನಿ ಹೆಸರು ಐತೆ. ಬೇರಿಂಗ್ ಮೇಲೆ ಇನ್ಯಾವುದೋ ದೇಶದ್ದು. ಇಂದುಲೋ ದೇಶೀ ಯಾಡುಂದಿ ನಾಯನಾ?’

ಇದರಲ್ಲಿ ದೇಶಿ ಎಲ್ಲಿದೆಯಪ್ಪಾ ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ನಾನು ‘ಬಣ್ಣ ಸಾರ್’ ಎಂದುಬಿಟ್ಟೆ. ಅವರು ಎದ್ದು, ಟವೆಲ್ ಕೊಡವಿ, ಬೆಂಗಳೂರಿಗೆ ಹೋಗಿ ಫಾರಿನ್ ಕಂಪನಿಯ ಪಿಕಪ್ಪನ್ನೂ ನೋಡಿ ಬಂದರು. ವಾಪಸು ಬಂದು ನನಗೆ ಹೇಳಿದ್ದು ಇಷ್ಟು: ‘ಅದು ಪಕ್ಕದ ರಾಜ್ಯದಲ್ಲಿ ತಯಾರಾಗೋದಂತೆ. ಅದ್ರಲ್ಲಿ ಫಾರಿನ್ ಏನೈತೆ?’ ಆ ವರ್ಷದ ಮಾವನ್ನು ಅವರು ಹಳೆಯ ಟ್ರ್ಯಾಕ್ಟರಿನಲ್ಲೇ ಶ್ರೀನಿವಾಸಪುರದ ಮಂಡಿಗೆ ಸಾಗಿಸಿದರು. ಬಾಯಿಪಾಠದ ಮೇಲಿನ ನಂಬಿಕೆ ನನಗೆ ಅಂದೇ ಹೋಯಿತು.

ಕೆಲವು ವರ್ಷಗಳ ಮೇಲೆ ನಮ್ಮ ಎದುರಿಗೇ, ಹೆದ್ದಾರಿಯ ಆಚೆ ಬದಿಗೆ, ಫಾರಿನ್ ಗಾಡಿಯ ಷೋರೂಮು ಎದ್ದಿತು. ಗಾಜಿನ ಗೋಡೆ, ಒಳಗೆ ತಣ್ಣನೆ ಗಾಳಿ. ನಮ್ಮ ಮ್ಯಾನೇಜರು ದಿನಾ ಬೆಳಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಎದುರಿನ ಗಾಡಿಯನ್ನು ಬೈಯುವುದು ಹೇಗೆಂದು ಹೇಳಿಕೊಡುತ್ತಿದ್ದರು. ‘ದೂರದ ಬೆಟ್ಟ ನುಣ್ಣಗೆ ಸಾರ್, ಹತ್ತಿರ ಹೋದ್ರೆ ಗೊತ್ತಾಗುತ್ತೆ’ ಎಂದು ನಾವು. ‘ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗೆ ಆ ದೇಶಿ ಗಾಡಿ’ ಎಂದು ಅವರು. ಗಿರಾಕಿ ಪಾಪ, ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದ.

ಆಗಲೇ ನನಗೆ ಒಂದು ಅನುಮಾನ ಶುರುವಾಯಿತು. ಎದುರಿನವರಿಗೆ ಗಿರಾಕಿ ಹೋದರೆ ನಮ್ಮ ಮ್ಯಾನೇಜರಿಗೆ ಸಂಕಟವಾಗುತ್ತಿತ್ತು, ಓನರಿಗೆ ಆಗುತ್ತಿರಲಿಲ್ಲ. ವ್ಯಾಪಾರ ಕಳೆದುಕೊಂಡ ಯಜಮಾನ ಅಷ್ಟು ನೆಮ್ಮದಿಯಾಗಿ ಎಲೆ ಅಡಿಕೆ ಹಾಕುವುದನ್ನು ನಾನು ಕಂಡಿರಲಿಲ್ಲ. ಆಯುಧಪೂಜೆಯ ದಿನ ಅದು ಬಗೆಹರಿಯಿತು. ನಮ್ಮ ಬಾಗಿಲಲ್ಲಿ ಕುಂಬಳಕಾಯಿ ಒಡೆದ ಓನರು, ಕೈಯಲ್ಲಿನ ಕುಂಕುಮವನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿ, ಎದುರಿನ ಬಾಗಿಲಲ್ಲೂ ಒಂದು ಕುಂಬಳಕಾಯಿ ಒಡೆದರು. ಬೋರ್ಡು ಅವರ ಭಾವಮೈದನ ಹೆಸರಲ್ಲಿತ್ತು, ಅಷ್ಟೇ. ಸಂಜೆ ನಾನು ಸುಮ್ಮನೆ ಅವರ ಮುಖ ನೋಡಿದೆ. ಅವರಿಗೆ ಅರ್ಥವಾಯಿತು.

‘ನೋಡು ಕಿಟ್ಟಪ್ಪ, ರೈತ ಒಂದು ಕಡೆ ಬೇಜಾರಾಗಿ ಇನ್ನೊಂದು ಕಡೆ ಹೋಗ್ಬೇಕು. ಮೂರನೇ ಕಡೆ ಹೋಗ್ಬಾರ್ದು’ ಎಂದರು. ಅಲ್ಲಿಂದ ಮುಂದೆ ದೇಶಿ, ಫಾರಿನ್ ಎಂದು ಯಾರಾದರೂ ಗಂಟಲು ಹರಿದುಕೊಂಡರೆ ನನಗೆ ಕುಂಬಳಕಾಯಿಯೇ ಕಣ್ಣಿಗೆ ಬರುತ್ತಿತ್ತು.

ಈಚೆಗೆ ಪದ್ಧತಿಗಳೆಲ್ಲ ಬದಲಾದವು. ಈಗಿನವರು ಗಾಡಿಯ ಕೆಳಗೆ ಮಲಗುವುದಿಲ್ಲ, ಮೊಬೈಲಿನಲ್ಲಿ ನೋಡುತ್ತಾರೆ. ಕಪ್ಪು ಕನ್ನಡಕ ಹಾಕಿಕೊಂಡವನೊಬ್ಬ ಎರಡು ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿ ಇದು ಗೆದ್ದಿತು, ಅದು ಸೋತಿತು ಎಂದು ತೀರ್ಪು ಕೊಡುತ್ತಾನೆ. ಅವನಿಗೆ ಆ ಗಾಡಿ ಕೊಟ್ಟವರು ಯಾರು ಎಂದು ಕೇಳುವವರಿಲ್ಲ. ಹಿಂದಿನ ಬಾಡಿ ಖಾಲಿ ಇರುತ್ತದೆ. ಖಾಲಿ ಪಿಕಪ್ಪು ಮದುವೆಗೆ ಹೊರಟ ಮದುಮಗನ ಹಾಗೆ, ಯಾವುದಾದರೂ ಚೆಂದವೇ ಕಾಣುತ್ತದೆ. ಆದ್ದರಿಂದ ನಾನು ಕೊನೆಯವರೆಗೂ ಬಿಡದೆ ಇಟ್ಟುಕೊಂಡಿದ್ದ ಹಳೇ ಪದ್ಧತಿಯೆಂದರೆ ಲೋಡ್ ಟ್ರಯಲ್. ಗಿರಾಕಿ ತನ್ನ ಮಾಲನ್ನೇ ತುಂಬಬೇಕು, ತನ್ನ ದಾರಿಯಲ್ಲೇ ಓಡಿಸಬೇಕು, ಮಂಡಿಯಲ್ಲಿ ಇಳಿಸಿ ನೋಡಬೇಕು. ಹಾಗೆ ಮಾಡಿಸಿದ ಟ್ರಯಲ್‌ಗಳಲ್ಲಿ ಟೇಕಲ್ ಅಣ್ಣತಮ್ಮಂದಿರದು ನನಗೆ ಇವತ್ತಿಗೂ ಪೂರ್ತಿ ನಂಬಲು ಆಗಿಲ್ಲ.

ನನ್ನ ನಿವೃತ್ತಿ ಹತ್ತಿರವಿತ್ತು. ಅಣ್ಣ ಮುನಿವೆಂಕಟಪ್ಪ, ತಮ್ಮ ಚಲಪತಿ. ಟೇಕಲ್ ಬೆಟ್ಟದ ಮಗ್ಗುಲಲ್ಲಿ ಒಟ್ಟಿಗೆ ಟೊಮೆಟೊ ಬೆಳೆಯುವವರು, ಒಂದೇ ಮನೆ, ಒಂದೇ ಅಡುಗೆ. ಬಾಡಿಗೆ ಗಾಡಿಗೆ ದುಡ್ಡು ಸುರಿದು ಸಾಕಾಗಿ ಸ್ವಂತ ಪಿಕಪ್ ತೆಗೆಯೋಣ ಎಂದು ಬಂದಿದ್ದರು. ಬಾಗಿಲು ದಾಟುವ ಮೊದಲೇ ಜಗಳ.

‘ಗಾಡಿ ಕೆಟ್ರೆ ಮಾಲೂರಲ್ಲಿ ಸಾಮಾನು ಸಿಗ್ಬೇಕು ಕಣೋ. ಟೇಕಲ್ ಸ್ಟೇಷನ್ ಹತ್ರ ಇರೋ ಮೆಕಾನಿಕ್ ಕಣ್ಮುಚ್ಕೊಂಡು ರಿಪೇರಿ ಮಾಡ್ಬೇಕು. ನಿನ್ ಫಾರಿನ್ ಗಾಡಿಗೆ ಒಂದು ಬೋಲ್ಟ್ ಬೇಕು ಅಂದ್ರೂ ಬೆಂಗಳೂರಿಗೆ ಓಡ್ಬೇಕು’ ಎಂದು ಅಣ್ಣ.

‘ಅದು ರಿಪೇರಿಗೆ ಬಂದ್ರೆ ತಾನೆ ಅಣ್ಣಾ? ನಿನ್ ದೇಶಿ ಗಾಡಿ ಕಮಾನು ಪಟ್ಟಿ ಕಲ್ಲು ಇದ್ದಂಗೆ. ಎತ್ತೆತ್ತಿ ಹಾಕಿದ್ರೆ ಮಂಡಿಗೆ ಹೋಗೋಷ್ಟರಲ್ಲಿ ಟೊಮೆಟೊ ಗೊಜ್ಜಾಗಿರುತ್ತೆ’ ಎಂದು ತಮ್ಮ ಮೊಬೈಲು ತೆಗೆದ.

‘ಮೊಬೈಲ್ ಒಳಗಿಡು. ಪುಂಗನೂರಲ್ಲಿ ನಿನ್ ಮಾವ ಫಾರಿನ್ ಗಾಡಿ ಇಟ್ಟವ್ನೆ. ಅದಕ್ಕೇ ನಿಂಗೂ ಅದೇ ಬೇಕು.’

ನಾನು ಇಬ್ಬರಿಗೂ ಕಾಫಿ ಕೊಟ್ಟೆ. ಅಣ್ಣ ಕೈ ತೊಳೆಯುವ ನೆಪದಲ್ಲಿ ನನ್ನನ್ನು ಹಿಂದಕ್ಕೆ ಕರೆದು, ‘ಎದುರಿನೋರು ಇವನಿಗೆ ಏನಾದ್ರೂ ಕಮಿಷನ್ ಕೊಡ್ತಾವ್ರಾ ಕಿಟ್ಟಣ್ಣ?’ ಎಂದು ಪಿಸುಗುಟ್ಟಿದ. ಅವನು ಅತ್ತ ಹೋದದ್ದೇ ತಮ್ಮ ಬಂದು, ‘ನೀವು ನಮ್ಮಣ್ಣಂಗೆ ಏನ್ ಕೊಡ್ತೀನಿ ಅಂದಿದ್ದೀರಾ?’ ಎಂದ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಇವರು. ನನ್ನ ಅನುಮಾನ ಸಂಬಳಕ್ಕಾಗಿ ಮಾಡಿದ್ದು, ಇವರದ್ದು ಪುಕ್ಕಟೆ.

ಅಣ್ಣನ ಹೆಂಡತಿ ರತ್ನಮ್ಮ ಜೊತೆಗೆ ಬಂದಿದ್ದಳು. ಅಷ್ಟು ಹೊತ್ತು ಸುಮ್ಮನೆ ಕೂತಿದ್ದವಳು, ಗಂಡಸರು ಗಾಡಿ ನೋಡಲು ಎದ್ದ ಮೇಲೆ ಬಾಯಿ ಬಿಟ್ಟಳು.

‘ಅಣ್ಣಾ, ಗಾಡಿ ಯಾವುದಾದ್ರೂ ಬರ್ಲಿ, ನಂಗೇನೂ ಇಲ್ಲ. ಫಾರಿನ್ ತಂದ್ರೆ ಹೊಲ ಭಾಗ ಮಾಡ್ತೀನಿ ಅಂತ ಇವರು. ದೇಶಿ ತಂದ್ರೆ ಬೇರೆ ಹೋಗ್ತೀನಿ ಅಂತ ಚಲಪತಿ. ಗಾಡಿ ಬರೋಕ್ ಮುಂಚೆ ನಮ್ಮನೇಲಿ ಒಲೆ ಎರಡಾಗುತ್ತೆ. ನಮ್ಮತ್ತೆ ಸಾಯೋವಾಗ ನನ್ ಕೈ ಹಿಡ್ಕೊಂಡು ಕೇಳಿದ್ದು ಅದೊಂದೇ, ಒಲೆ ಒಂದೇ ಇರ್ಲಿ ಅಂತ. ಚಲಪತಿ ಹೆಂಡ್ತಿ ಸುಜಾತಾನೂ ನಂಗೆ ಸ್ವಂತ ತಂಗಿ ಇದ್ದಂಗೆ. ನೀವೇ ಏನಾದ್ರೂ ಮಾಡಿ.’

ಅವಳ ಕಣ್ಣಲ್ಲಿ ನೀರಿತ್ತು. ನನಗೂ ಮನಸ್ಸು ಕರಗಿತು, ಸುಳ್ಳು ಹೇಳುವುದಿಲ್ಲ. ಆದರೂ ಮೈದುನನ ಹೆಂಡತಿಯನ್ನು ತಂಗಿ ಎನ್ನುವ ಹೆಂಗಸರನ್ನು ನಾನು ಕಂಡದ್ದು ಕಡಿಮೆ. ಅದನ್ನೂ ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡೆ.

ಅಣ್ಣತಮ್ಮಂದಿರನ್ನು ಕೂರಿಸಿ ಲೋಡ್ ಟ್ರಯಲ್ ಮಾತಾಡಿದೆ. ಒಂದೇ ಹೊಲದ ಟೊಮೆಟೊ, ಒಂದೇ ದಿನ ಕಿತ್ತದ್ದು, ಎರಡು ಗಾಡಿಗೂ ಸಮ ಬಾಕ್ಸು. ಟೇಕಲ್‌ನಿಂದ ಕೋಲಾರ ಮಂಡಿಯವರೆಗೆ ಒಂದರ ಹಿಂದೆ ಒಂದು ಹೋಗುವುದು. ಅಡಿಯ ಬಾಕ್ಸು ಸುರಿದು ನೋಡುವುದು. ಯಾವ ಗಾಡಿಯಲ್ಲಿ ಹಣ್ಣು ಕಡಿಮೆ ಜಜ್ಜಿದೆಯೋ ಆ ಗಾಡಿ ಮನೆಗೆ. ಇಬ್ಬರೂ ಒಪ್ಪಿದರು. ಎಷ್ಟು ಬೇಗ ಒಪ್ಪಿದರೆಂದರೆ ನನಗೆ ಅಲ್ಲೇ ಸಂಶಯ ಬರಬೇಕಿತ್ತು. ಎದುರಿನ ಷೋರೂಮಿನವರಿಗೆ ನಾನೇ ಫೋನ್ ಮಾಡಿ ಅವರ ಗಾಡಿಯನ್ನೂ ತರಿಸಿದೆ. ಅವರು ಕೇಳಿದ ತಕ್ಷಣ ಕಳಿಸಿಕೊಟ್ಟರು.

ಟ್ರಯಲ್ ದಿನ ಬೆಳಗ್ಗೆ ಹೊಲಕ್ಕೆ ಹೋದೆ. ಹೆಂಗಸರು ಕಿತ್ತು, ಆರಿಸಿ, ಬಾಕ್ಸು ತುಂಬಿ ಬದುವಿನ ಮೇಲೆ ಎರಡು ಸಾಲು ಜೋಡಿಸಿ ಆಗಿತ್ತು. ಈ ಸಾಲು ದೇಶಿ ಗಾಡಿಗೆ, ಆ ಸಾಲು ಫಾರಿನ್ ಗಾಡಿಗೆ. ನಾನು ನನ್ನ ಅನುಮಾನದ ಚೀಲ ಬಿಚ್ಚಿದೆ. ಟೈರುಗಳ ಗಾಳಿ ನಾನೇ ಅಳೆದೆ. ಡ್ರೈವರುಗಳಿಗೆ ಒಂದೇ ವೇಗ ಎಂದು ಗದರಿಸಿದೆ. ಅಣ್ಣನನ್ನು ಫಾರಿನ್ ಗಾಡಿಯಲ್ಲಿ, ತಮ್ಮನನ್ನು ದೇಶಿ ಗಾಡಿಯಲ್ಲಿ ಕೂರಿಸಿದೆ, ತನಗೆ ಬೇಡದ ಗಾಡಿಯ ಮೇಲೆ ಇಬ್ಬರ ಕಣ್ಣೂ ಇರಲಿ ಎಂದು. ದಾರಿಯಲ್ಲಿ ಎಲ್ಲೂ ನಿಲ್ಲಿಸಬಾರದು ಎಂದೆ. ಎಲ್ಲ ನೋಡಿದೆ, ಬಾಕ್ಸು ತುಂಬಿದ ಕೈಗಳನ್ನು ಮಾತ್ರ ನೋಡಲಿಲ್ಲ. ನಮ್ಮ ಕಡೆ ಗಂಡಸರಿಗೆ ಟೊಮೆಟೊ ತಾನಾಗಿಯೇ ಬಾಕ್ಸಿಗೆ ಬಂದು ಕೂರುತ್ತದೆ ಎಂಬ ಭಾವನೆ ಇದೆ. ನಾನೂ ಗಂಡಸೇ ತಾನೆ.

ದಾರಿಯಲ್ಲಿ ಹಂಪು, ಗುಂಡಿ, ಅಗೆದು ಬಿಟ್ಟ ಪೈಪ್‌ಲೈನು, ಒಂದನ್ನೂ ಬಿಡದೆ ಹಾಯಿಸಿದೆವು. ಮಂಡಿಯಲ್ಲಿ ತಾಡಪಾಲು ಹಾಸಿ, ಎರಡು ಗಾಡಿಯ ಅಡಿಯ ಬಾಕ್ಸುಗಳನ್ನೂ ಸುರಿಸಿದೆ. ಸುತ್ತ ಹತ್ತಾರು ಜನ ಕೂಡಿದರು. ನೋಡಿದರೆ ಎರಡು ಗುಡ್ಡೆಯೂ ಒಂದೇ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಜಜ್ಜಿದ್ದೇ ಇಲ್ಲ. ಎಲ್ಲ ಗಟ್ಟಿಗಟ್ಟಿ ದೋರೆಗಾಯಿ.

ನಾನು ಟೊಮೆಟೊ ಬಿಟ್ಟು ಅಣ್ಣತಮ್ಮಂದಿರ ಮುಖ ನೋಡಿದೆ. ಸಮ ಬಂದರೆ ಸಮಾಧಾನವೋ ಬೇಸರವೋ ಒಂದು ಆಗಬೇಕು. ಇವರಿಬ್ಬರೂ ಕದ್ದ ಮಾಲನ್ನು ಕಳೆದುಕೊಂಡವರ ಹಾಗೆ ನಿಂತಿದ್ದರು. ಅಣ್ಣ ಫಾರಿನ್ ಗಾಡಿಯ ಗುಡ್ಡೆಯೊಳಗೆ ಕೈ ಹಾಕಿ ಏನನ್ನೋ ಹುಡುಕುತ್ತಿದ್ದ. ತಮ್ಮ ದೇಶಿ ಗಾಡಿಯ ಖಾಲಿ ಬಾಕ್ಸನ್ನು ಮಗುಚಿ ತಳ ನೋಡುತ್ತಿದ್ದ.

‘ಏನ್ ಹುಡುಕ್ತಾ ಇದ್ದೀರಾ?’ ಎಂದೆ.

‘ಏನಿಲ್ಲ’ ಎಂದು ಇಬ್ಬರೂ ಒಟ್ಟಿಗೆ ಅಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಅದೇ.

ಇಬ್ಬರನ್ನೂ ಹತ್ತಿಸಿಕೊಂಡು ಹೊಲಕ್ಕೆ ವಾಪಸು ಬಂದೆ. ಹೊಂಗೆಮರದ ನೆರಳಲ್ಲಿ ರತ್ನಮ್ಮನೂ ಸುಜಾತಳೂ ಒಂದೇ ಬುತ್ತಿಯಿಂದ ಊಟ ಮಾಡುತ್ತಿದ್ದರು. ಮರದ ಬುಡದಲ್ಲಿ ಎರಡು ಗುಡ್ಡೆ ಕೆಂಪು ಟೊಮೆಟೊ ಬಿದ್ದಿತ್ತು. ಮುಟ್ಟಿದರೆ ಒಡೆಯುವಷ್ಟು ಹಣ್ಣಾದದ್ದು.

‘ಇದೇನಮ್ಮಾ?’ ಎಂದೆ.

ಸುಜಾತ ತಲೆ ತಗ್ಗಿಸಿದಳು. ರತ್ನಮ್ಮ ಕೈ ತೊಳೆದುಕೊಂಡು, ಗಂಡನ ಕಡೆ ನೋಡದೆ ನನಗೇ ಹೇಳಿದಳು.

‘ಆ ಗುಡ್ಡೆ ನನ್ ಗಂಡ ಹೇಳಿದ್ದು. ಫಾರಿನ್ ಗಾಡಿ ಬಾಕ್ಸಲ್ಲಿ ಅಡಿಗೆ ಹಣ್ಣು ಹಾಕಿ ಮೇಲೆ ಕಾಯಿ ಮುಚ್ಚು, ಸುಜಾತಂಗೆ ಹೇಳ್ಬೇಡ ಅಂದ್ರು. ಈ ಗುಡ್ಡೆ ಚಲಪತಿ ಸುಜಾತಂಗೆ ಹೇಳಿದ್ದು. ದೇಶಿ ಗಾಡೀಗೆ ಹಂಗೇ ಮಾಡು, ಅತ್ತಿಗೆಗೆ ಹೇಳ್ಬೇಡ ಅಂತ. ಇಬ್ರೂ ಒಂದೇ ಸಾಲಲ್ಲಿ ಕೀಳ್ತಾ ಇದ್ವಿ. ಒಬ್ರು ಮುಖ ಒಬ್ರು ನೋಡ್ಕೊಂಡ್ವಿ. ಹೇಳದೆ ಇರೋಕೆ ಆಗ್ಲಿಲ್ಲ. ಹಣ್ಣೆಲ್ಲ ಇಲ್ಲೇ ಬಿಟ್ಟು ಎರಡಕ್ಕೂ ಕಾಯೇ ತುಂಬಿದ್ವಿ, ನಗು ಬಂತು.’

‘ನಗು ಬರ್ಲಿಲ್ಲ ಅಕ್ಕಾ, ಅಳು ಬಂತು’ ಎಂದಳು ಸುಜಾತ, ಮೆಲ್ಲಗೆ.

ಅಣ್ಣ ಕಾಲಿನಿಂದ ಮಣ್ಣು ಕೆದರುತ್ತಿದ್ದ. ‘ಲೇ ಚಲಪತಿ, ನೀನೂನಾ?’ ಎಂದ.

‘ನೀನು ಕಲಿಸಿದ್ದೇ ಅಲ್ವಾ ಅಣ್ಣಾ’ ಎಂದ ತಮ್ಮ. ಚಿಕ್ಕಂದಿನಲ್ಲಿ ಬಾಕ್ಸಿನ ಅಡಿಗೆ ಹಣ್ಣು ಮುಚ್ಚುವುದನ್ನು ಹೇಳಿಕೊಟ್ಟವನು ಅಣ್ಣನೇ ಅಂತೆ. ಮುನಿವೆಂಕಟಪ್ಪನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇಬ್ಬರೂ ನಕ್ಕರು. ನಾನು ನಗಲಿಲ್ಲ, ಗಾಡಿಯ ಮಾತು ಇನ್ನೂ ಹಾಗೇ ಇತ್ತು.

‘ಹಂಗಾದ್ರೆ ಯಾವ ಗಾಡಿ?’ ಎಂದೆ.

‘ಅದನ್ನ ನಮ್ಮನ್ನ ಯಾರೂ ಕೇಳ್ಲೇ ಇಲ್ವಲ್ಲಣ್ಣಾ’ ಎಂದಳು ರತ್ನಮ್ಮ. ‘ಹೊಲದಲ್ಲಿ ಬಾಕ್ಸ್ ಎತ್ತಿ ಗಾಡೀಗಿಡೋರು ನಾವು. ದೇಶಿ ಗಾಡಿ ಬಾಡಿ ನಂಗೆ ಸೊಂಟದ ಮಟ್ಟ ಬರುತ್ತೆ. ಆ ಫಾರಿನ್ದು ಎದೆ ಮಟ್ಟ. ಬೆಳಗ್ಗೆ ಎರಡಕ್ಕೂ ಎತ್ತಿ ಇಟ್ವಲ್ಲ, ಸುಜಾತಂಗೆ ರಟ್ಟೆ ಬಿದ್ದೋಗೈತೆ ನೋಡಿ. ಇವರಿಬ್ರೂ ಮುಂದಿನ ಸೀಟು ನೋಡ್ತಾರೆ, ಇಂಜಿನ್ ನೋಡ್ತಾರೆ. ಹಿಂದೆ ಬಂದು ನಿಂತ್ಕೊಂಡು ನೋಡಿದ್ರಾ?’

ನಾನು ಇಷ್ಟು ವರ್ಷ ಮಾರಿದ ಗಾಡಿಗಳನ್ನೆಲ್ಲ ನೆನೆಸಿಕೊಂಡೆ. ಎಳೆಯುವ ಶಕ್ತಿ, ಮೈಲೇಜು, ಮಾರುವಾಗ ಬರುವ ಬೆಲೆ, ಎಲ್ಲ ಹೇಳುತ್ತಿದ್ದೆ. ಎತ್ತುವವರ ಸೊಂಟದ ಮಾತು ಒಂದು ದಿನವೂ ನನ್ನ ಬಾಯಲ್ಲಿ ಬಂದಿರಲಿಲ್ಲ. ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ.

ದೇಶಿ ಎಂದಾದ ಮೇಲೆ ಚಲಪತಿಯ ಮುಖ ಸಣ್ಣಗಾಯಿತು. ಅಣ್ಣನ ಮಾತೇ ಗೆದ್ದಂತಾಯಿತಲ್ಲ. ರತ್ನಮ್ಮ ಅದನ್ನು ಕಂಡಳು.

‘ಗಾಡಿ ಸುಜಾತನ ಹೆಸರಿಗೆ ಬರೀರಿ’ ಎಂದಳು.

ಮುನಿವೆಂಕಟಪ್ಪ ತಲೆ ಎತ್ತಿದ. ಏನೋ ಹೇಳಲು ಬಾಯಿ ತೆರೆದು, ಮರದ ಬುಡದ ಗುಡ್ಡೆ ಕಣ್ಣಿಗೆ ಬಿದ್ದು ಮುಚ್ಚಿಕೊಂಡ.

‘ನನ್ ಹೆಸರಿಗೆ ಆದ್ರೆ ಬೀಗದಕೈ ಅಕ್ಕನ ಸೊಂಟದಲ್ಲಿರ್ಲಿ’ ಎಂದಳು ಸುಜಾತ. ‘ಓಡಿಸೋರು ಇಬ್ರೂ ಅಕ್ಕನ್ನ ಕೇಳಿ ತಗೋಬೇಕು.’

ಮೊದಲೇ ಮಾತಾಡಿಕೊಂಡು ಹೇಳಿದರೋ, ಅಲ್ಲೇ ಹುಟ್ಟಿದ ಮಾತೋ, ನನಗೆ ಗೊತ್ತಿಲ್ಲ. ಇಬ್ಬರ ಮುಖವನ್ನೂ ಚೆನ್ನಾಗಿ ನೋಡಿದೆ. ಗ್ರೀಸಿನ ಗೆರೆ ಎಲ್ಲೂ ಕಾಣಲಿಲ್ಲ.

ಹೊರಡುವಾಗ ರತ್ನಮ್ಮ ಗಾಡಿಯವರೆಗೂ ಬಂದಳು. ‘ಅಣ್ಣಾ, ಎದುರಂಗಡಿಯೋರು ಕೇಳಿದ ತಕ್ಷಣ ಗಾಡಿ ಕಳಿಸಿದಾಗ್ಲೇ ಅಂದ್ಕೊಂಡೆ, ಎರಡೂ ಒಂದೇ ಮನೇದು ಅಂತ. ಹೌದಾ?’

ನಾನು ಟೇಕಲ್ ಬೆಟ್ಟ ನೋಡುತ್ತಾ ನಿಂತೆ.

‘ಬಿಡಿ, ಹೇಳ್ಬೇಡಿ. ಎರಡು ಬೋರ್ಡು ಹಾಕ್ಕೊಂಡು ನೀವು ಒಂದಾಗಿದ್ದೀರಲ್ಲ, ನಮಗೇನ್ ಬಂದೈತೆ ಬೇರೆ ಆಗೋಕೆ’ ಎಂದು ನಕ್ಕು ಒಂದು ಚೀಲ ಟೊಮೆಟೊ ಕೊಟ್ಟಳು. ಮನೆಗೆ ಬಂದು ಸುರಿದು ನೋಡಿದೆ. ಅಡಿಯಲ್ಲಿಯೂ ಒಳ್ಳೆಯದೇ ಇತ್ತು.

ನಿವೃತ್ತಿಯಾದ ಮೇಲೆ ಟೇಕಲ್ ಕಡೆ ಮದುವೆಯೊಂದಕ್ಕೆ ಹೋದವನು, ದಾರಿ ತಪ್ಪಿಸಿಕೊಂಡವನಂತೆ ಅವರ ಮನೆಗೆ ಹೋದೆ. ನಿಜವಾಗಿ ಹೋದದ್ದು ಪತ್ತೆಗೆ. ಅಂಥ ಒಪ್ಪಂದ ಬಾಳುವುದಿಲ್ಲ ಎಂದು ನನ್ನ ಅನುಭವ ಹೇಳುತ್ತಿತ್ತು. ಗಾಡಿ ಅಂಗಳದಲ್ಲಿತ್ತು, ಬಣ್ಣ ಮಾಸಿ ಮೈಮೇಲೆ ಗೀರು ಬಿದ್ದಿತ್ತು. ಬೀಗದಕೈ ರತ್ನಮ್ಮನ ಸೊಂಟದಲ್ಲೇ ಇತ್ತು. ಅಣ್ಣತಮ್ಮಂದಿರು ಜಗಲಿಯ ಮೇಲೆ ಕೂತು, ಮುಂದೆ ಟ್ರ್ಯಾಕ್ಟರು ತೆಗೆದರೆ ಯಾವ ಕಂಪನಿಯದು ಎಂದು ಕಿತ್ತಾಡುತ್ತಿದ್ದರು. ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. ಹೊರಗಿನದೆಲ್ಲ ಯಾರು ಬೇಕಾದರೂ ಚೆನ್ನಾಗಿ ಇಟ್ಟುಕೊಳ್ಳಬಹುದು, ಅಡಿಯ ಬಾಕ್ಸು ನೋಡಬೇಕು. ನೀರು ಕುಡಿದು, ಮೆಲ್ಲಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಒಳಗೆ ಇಣುಕಿದೆ.

ಗ್ಯಾಸಿನ ಒಲೆ ಒಂದೇ. ಬರ್ನರು ಎರಡು. ಅದನ್ನೂ ಒಂದು ಗಳಿಗೆ ಅನುಮಾನದಿಂದಲೇ ನೋಡಿದೆ. ಒಂದರ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು, ಇನ್ನೊಂದರ ಮೇಲೆ ಹುರುಳಿಕಾಳಿನ ಸಾರು. ಸುಜಾತ ಸಾರಿಗೆ ಉಪ್ಪು ಹಾಕುತ್ತಿದ್ದಳು, ರತ್ನಮ್ಮ ಎಸರಿಗೆ ಹಿಟ್ಟು ಬಿಡುತ್ತಿದ್ದಳು. ಅಷ್ಟೂ ಜನಕ್ಕೆ ಸಾಕಾಗುವಷ್ಟು ದೊಡ್ಡ ಪಾತ್ರೆಗಳು.

ರತ್ನಮ್ಮ ತಿರುಗಿ ನೋಡಿದಳು. ‘ಏನಣ್ಣಾ, ಏನ್ ಬೇಕಿತ್ತು?’

‘ಏನಿಲ್ಲಮ್ಮಾ, ಸ್ವಲ್ಪ ನೀರು ಕೇಳೋಣ ಅಂತ ಬಂದೆ’ ಎಂದೆ.

‘ನೀರು ಕುಡಿದ ಲೋಟ ಕೈಯಲ್ಲೇ ಐತಲ್ಲಣ್ಣಾ’ ಎಂದಳು.